ಮಾವಂದಿರ ಬದುವಿನ ಮೇಲೆ ನನ್ನ ಡ್ರೋನು

ಡ್ರೋನು ಮೊದಲ ಸಲ ನೆಲ ಬಿಟ್ಟು ಎದ್ದಾಗ ನಾನು ಕುಣಿದೆ. ಮಾತಿಗೆ ಹೇಳುತ್ತಿಲ್ಲ, ಖರೆಖರೆ ಕುಣಿದೆ. ಬೆಟಗೇರಿಯ ಹೊರಗೆ, ಪ್ಲಾಟು ಹಾಕಿಯೂ ಯಾರೂ ಮನೆ ಕಟ್ಟಿಸದ ಒಂದು ಬಯಲಿನಲ್ಲಿ, ನಲವತ್ತು ದಾಟಿದ ಹೆಂಗಸೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ರಿಮೋಟು ಹಿಡಿದು ಕುಣಿಯುವುದನ್ನು ಒಂದಿಷ್ಟು ಎಮ್ಮೆಗಳು ನೋಡಿದವು. ನನ್ನ ಯಜಮಾನರು ನೋಡಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಯಾಕೆಂದರೆ ಹಿಂದಿನ ವಾರ ಅದೇ ಡ್ರೋನನ್ನು ಅವರು ಬೇವಿನ ಮರಕ್ಕೆ ಹೊಡೆಸಿದ್ದರು.

ಗದಗದಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಕುಬಸ, ಜವಳ, ಮನೆ ಓಪನಿಂಗು, ಏನೇ ಇದ್ದರೂ ಹೊರಗೆ ಹೋಗಿ ತೆಗೆಯುವುದು ಯಜಮಾನರ ಕೆಲಸ. ಒಳಗೆ ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವುದು ನನ್ನದು. ಡ್ರೋನು ಬೇಕೆಂದ ಮದುವೆಗಳಿಗೆ ಹೊರಗಿನವರನ್ನು ಕರೆಸುತ್ತಿದ್ದೆವು. ಅವರು ತಂದುಕೊಟ್ಟ ವಿಡಿಯೋ ನೋಡಿ ನಾನು ಬೈಯದ ದಿನವಿಲ್ಲ. ಇಲ್ಲಿ ಯಾಕೆ ತಿರುಗಿಸಿದ, ಅಲ್ಲಿ ಯಾಕೆ ಇಳಿಸಿದ, ಚೆಂದಾಗಿ ಬರುತ್ತಿದ್ದ ಮಂಟಪ ಬಿಟ್ಟು ನೀರಿನ ಟ್ಯಾಂಕು ಯಾಕೆ ತೋರಿಸಿದ, ಒಂದು ಕಡೆ ಸುಮ್ಮನೆ ನಿಲ್ಲಲು ಇವನಿಗೇನು ಧಾಡಿ. ಕುರ್ಚಿಯಲ್ಲಿ ಕೂತು ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ. ಹಾಗಾಗಿ ಯಜಮಾನರು ಮುರಿದ ರೆಕ್ಕೆ ಬದಲಿಸಿ, ಇದು ನಮ್ಮ ಕೈಲಾಗದ್ದು, ಮಾರಿಬಿಡೋಣ ಎಂದಾಗ, ಕೊಡಿ ಇಲ್ಲಿ ಎಂದು ಕಸಿದುಕೊಂಡೆ.

ಹಾರಿಸುವುದು ಕಷ್ಟವಲ್ಲ. ಎಬ್ಬಿಸು ಎಂದರೆ ಏಳುತ್ತದೆ, ಬಿಟ್ಟರೆ ನಿಂತಲ್ಲೇ ನಿಂತಿರುತ್ತದೆ. ಕಷ್ಟ ಇರುವುದು ಅದನ್ನು ಬಿಡುವುದರಲ್ಲಿ. ನನ್ನ ಹೆಬ್ಬೆರಳುಗಳಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಮೇಲೇರುವಾಗಲೇ ತಿರುಗಿಸಬೇಕು, ತಿರುಗುವಾಗಲೇ ಮುಂದೆ ಹೋಗಬೇಕು, ಮುಂದೆ ಹೋಗುವಾಗಲೇ ಕ್ಯಾಮೆರಾ ತಗ್ಗಿಸಬೇಕು. ಆಕಾಶ ಸಿಕ್ಕಿದೆ, ಯಾವ ಕಡೆಯೂ ಗೋಡೆಯಿಲ್ಲ, ಇನ್ನು ತಡೆಯುವುದು ಯಾಕೆ ಎಂಬ ಹುರುಪು. ಮೊದಲ ದಿನದ ವಿಡಿಯೋವನ್ನು ಅವ್ವನಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತಳು. ತಲೆ ತಿರುಗುತ್ತಿದೆ, ಬಂದ್ ಮಾಡು ಎಂದಳು. ಗೆದ್ದವಳ ಹಾಗೆ ನಾನು ನಕ್ಕೆ, ಯಾಕೆಂದರೆ ನನಗೆ ಅದು ಬಹಳ ಚೆಂದ ಕಂಡಿತ್ತು.

ಕಂಪ್ಯೂಟರಿಗೆ ಹಾಕಿದ ಮೇಲೆ ನಗು ನಿಂತಿತು. ನಾನು ಬೇರೆಯವರಿಗೆ ಬೈದ ತಪ್ಪುಗಳೆಲ್ಲ ಅದರಲ್ಲಿದ್ದವು, ನೀರಿನ ಟ್ಯಾಂಕಿನ ಸಮೇತ. ಹಾಗಂತ ಯಜಮಾನರ ಮುಂದೆ ಒಪ್ಪಿಕೊಳ್ಳುತ್ತೇನೆಯೇ. ಗಾಳಿ ಜಾಸ್ತಿ ಇತ್ತು ಎಂದೆ. ಗದಗಿನಲ್ಲಿ ಆ ಮಾತಿಗೆ ಯಾರೂ ಎದುರಾಡುವಂತಿಲ್ಲ. ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಹಗಲೆಲ್ಲ ತಿರುಗುವ ಊರು ನಮ್ಮದು.

ಆಮೇಲೆ ಹುಚ್ಚು ಹಿಡಿಯಿತು. ಆರ್ಡರು ಎಲ್ಲಿದ್ದರೂ ನಾನೂ ಸ್ಕೂಟರಿನ ಹಿಂದೆ ಹತ್ತಿ ಹೊರಡತೊಡಗಿದೆ. ಲಕ್ಷ್ಮೇಶ್ವರದ ಹಳೆಯ ಗುಡಿಯ ಶಿಖರವನ್ನು ಸುತ್ತು ಹಾಕಿ ತೆಗೆಯಬೇಕೆಂದು ಹೋದರೆ, ಕಾವಲಿನವರು ನನ್ನ ಚೀಲ ನೋಡಿಯೇ ಕೈ ಅಡ್ಡ ಹಿಡಿದರು. ಇಲ್ಲಿ ಹಾರಿಸಲು ಪರವಾನಿಗೆ ಬೇಕು, ಬೇಕಾದರೆ ಕಣ್ಣಿಂದ ನೋಡಿ ಹೋಗಿ ಎಂದರು. ಕಣ್ಣಿಂದ ನೋಡಿದೆವು, ಮಿರ್ಚಿ ತಿಂದು ಬಂದೆವು. ಮುಂಡರಗಿಯ ಆಚೆ ಹೊಳೆಯ ದಂಡೆಯಲ್ಲಿ, ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನೀರಿಗೆ ತಾಗುವಷ್ಟು ಕೆಳಗೆ ಹಾರಿಸಿದರೆ ಎಷ್ಟು ಚೆಂದ ಎಂದು ಇಳಿಸಿದೆ. ಹರಿಯುವ ನೀರನ್ನು ಕಂಡರೆ ಡ್ರೋನಿನ ಹೊಟ್ಟೆಯ ಕಣ್ಣಿಗೆ ನೆಲ ಯಾವುದು ಎಂದು ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅದು ತಾನಾಗಿಯೇ ಇನ್ನೂ ಇಳಿಯತೊಡಗಿತು. ಯಜಮಾನರು ಪ್ಯಾಂಟಿನ ಸಮೇತ ಹೊಳೆಗಿಳಿದು, ಮೊಳಕಾಲು ನೀರಿನಲ್ಲಿ ನಿಂತು, ಕೂಸು ಬೀಳುತ್ತಿದೆಯೇನೋ ಎಂಬಂತೆ ಎರಡೂ ಕೈ ಚಾಚಿದರು. ನಾನು ಹೇಗೋ ಮೇಲಕ್ಕೆಬ್ಬಿಸಿದೆ. ಆ ವಿಡಿಯೋದ ಕೊನೆಯಲ್ಲಿ ಅವರ ಮುಖ ಇಷ್ಟು ಹತ್ತಿರ ಬಂದಿದೆ, ಬಾಯಿ ತೆರೆದುಕೊಂಡು. ಅದನ್ನು ನಾನು ಅಳಿಸಿಲ್ಲ, ಬೇಸರವಾದಾಗ ನೋಡುತ್ತೇನೆ.

ಶಿರಹಟ್ಟಿಯ ಮದುವೆಯ ಕತೆ ಹೇಳದಿದ್ದರೇ ಒಳ್ಳೆಯದು, ಆದರೂ ಹೇಳುತ್ತೇನೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮದುಮಕ್ಕಳ ತಲೆಯ ಮೇಲೆ ಡ್ರೋನು ಇಳಿಸಿದೆ. ರೆಕ್ಕೆಯ ಗಾಳಿಗೆ ಅಕ್ಕಿಕಾಳೆಲ್ಲ ಹಿಂದಕ್ಕೆ ಹಾರಿ ಸ್ವಾಮಿಗಳ ಮುಖಕ್ಕೆ ಬಡಿದವು, ಮದುಮಗನ ಬಾಸಿಂಗ ಕಿವಿಯ ಕಡೆ ಜಾರಿತು. ಮದುಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು. ಅವಳು ನಕ್ಕದ್ದಕ್ಕೆ ನಾವು ಬಚಾವು.

ಇಷ್ಟಾದ ಮೇಲೆ ನನಗೂ ಬುದ್ಧಿ ಬಂತು. ತಂತಿ, ಮರ, ಮಂದಿ ಯಾವುದೂ ಇಲ್ಲದ ಬಯಲಿನಲ್ಲಿ ಕಲಿಯಬೇಕು ಎಂದುಕೊಂಡೆ. ಅಂಥ ಜಾಗ ಎಂದರೆ ಸೊರಟೂರಿನ ಹತ್ತಿರ ನನ್ನ ಸೋದರಮಾವಂದಿರ ಹೊಲ. ಕರಿ ಮಣ್ಣು, ಕಣ್ಣು ಹಾಯುವವರೆಗೆ ಜೋಳ, ಕಡಲೆ, ನಡುನಡುವೆ ಕುಸುಬಿಯ ಹಳದಿ ಪಟ್ಟಿ, ದೂರದಲ್ಲಿ ಕಪ್ಪತಗುಡ್ಡದ ನೀಲಿ. ಅಲ್ಲಿ ರಿಮೋಟಿನ ಎರಡು ಕಡ್ಡಿಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಒತ್ತುವುದು, ಶುರುವಿನಲ್ಲೂ ಕೊನೆಯಲ್ಲೂ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿಸುವುದು, ಡ್ರೋನಿನ ಮುಖ ನನ್ನ ಕಡೆ ಇದ್ದಾಗ ಎಡ ಬಲ ಅದಲುಬದಲಾಗುವುದನ್ನು ನೆನಪಿಡುವುದು, ಇಂಥವನ್ನೆಲ್ಲ ಅಭ್ಯಾಸ ಮಾಡಿದೆ. ನೂರು ಸಲ ಎಡಕ್ಕೆ ಹೋಗು ಎಂದು ಬಲಕ್ಕೆ ಕಳಿಸಿದೆ. ಆ ಹೊಲದ ನಡುವೆ ಒಂದು ಬದು ಇತ್ತು. ಅದನ್ನು ನೋಡಿಕೊಂಡು ಉದ್ದಕ್ಕೂ ಹಾರಿಸಿದರೆ ಡ್ರೋನು ನೆಟ್ಟಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯುತ್ತಿತ್ತು. ನಾನು ಆ ಬದುವನ್ನು ಆರಿಸಿಕೊಂಡದ್ದು ಅಷ್ಟಕ್ಕೇ, ಅದರಿಂದಲೇ ಬೆಂಕಿ ಹತ್ತಿತು.

ಬದುವಿನ ಈಚೆ ದೊಡ್ಡ ಮಾವನ ಹೊಲ, ಆಚೆ ಸಣ್ಣ ಮಾವನದು. ದೊಡ್ಡ ಮಾವ ಸೊರಟೂರಿನಲ್ಲೇ ಇರುವವನು, ಮಣ್ಣು ಬಿಟ್ಟು ಬೇರೆ ಮಾತಾಡುವವನಲ್ಲ. ಸಣ್ಣ ಮಾವ ಲಕ್ಷ್ಮೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಬೈಕಿನ ಮೇಲೆ ಹೊಲಕ್ಕೆ ಬಂದು ಹೋಗುತ್ತಾನೆ. ಅಜ್ಜ ಹೋದ ಮೇಲೆ ಹೊಲ ಹಂಚಿಕೊಂಡರು, ಬದು ಹಾಕಿದರು. ಒಂದು ಮಳೆಗಾಲದಲ್ಲಿ ಬದು ಕೊಚ್ಚಿಕೊಂಡು ಹೋಯಿತು. ಮತ್ತೆ ಹಾಕುವಾಗ ನೀನು ಒಳಗೆ ಬಂದೆ, ನೀನು ಒಳಗೆ ಬಂದೆ ಎಂದು ಜಗಳ ಶುರುವಾಗಿ, ಅಣ್ಣತಮ್ಮಂದಿರು ಮಾತು ಬಿಟ್ಟರು. ನನ್ನ ಮದುವೆಯಲ್ಲಿ ಇಬ್ಬರೂ ಒಂದೇ ಚಪ್ಪರದ ಎರಡು ಕಂಬ ಹಿಡಿದು ನಿಂತಿದ್ದರು, ಒಬ್ಬರ ಕಡೆ ಒಬ್ಬರು ಬೆನ್ನು ಹಾಕಿ. ಏನಾದರೂ ತಿಳಿಸಬೇಕಾದರೆ ನಡುವೆ ಅವ್ವ ಬೇಕು. ಅವಳು ಇಬ್ಬರಿಗೂ ನಡುವಿನವಳು, ಒಬ್ಬನ ತಂಗಿ, ಇನ್ನೊಬ್ಬನ ಅಕ್ಕ.

ನಾನು ಅಭ್ಯಾಸದ ವಿಡಿಯೋ ನೋಡುತ್ತ ಕೂತಿದ್ದಾಗ ದೊಡ್ಡ ಮಾವ ಹಿಂದಿನಿಂದ ಬಂದು ಬಗ್ಗಿದ. ಪರದೆಯ ಮೇಲೆ ಬದು ಬಿಲ್ಲಿನ ಹಾಗೆ ಬಾಗಿ ಅವನ ಹೊಲದೊಳಗೆ ಬಂದಂತೆ ಕಂಡಿತು. ನನಗೊಂದು ಕಳಿಸು ಎಂದ, ಕಳಿಸಿದೆ. ಸಂಜೆಯೊಳಗೆ ಅದು ಮನೆತನದ ಗ್ರೂಪಿಗೆ ಹೋಗಿ, ಗದಗ, ಮುಳಗುಂದ, ಮುಂಡರಗಿ, ಎಲ್ಲಾ ಕಡೆಯ ಬೀಗರು ನೋಡಿ, ಆಕಾಶವೇ ಸಾಕ್ಷಿ ಹೇಳಿತು ಎಂಬ ಮಾತಾಯಿತು. ಮರುದಿನ ಸಣ್ಣ ಮಾವನ ಫೋನು. ನನ್ನ ಕಡೆಯಿಂದಲೂ ಒಂದು ತೆಗಿ ಎಂದ. ಹೋಗಿ ಅವನ ದಂಡೆಯಿಂದ ತೆಗೆದೆ. ಅದರಲ್ಲಿ ಬದು ಆ ಕಡೆ ಬಾಗಿ ಅವನ ಹೊಲದೊಳಗೆ ಬಂದಿತ್ತು. ಅದೂ ಗ್ರೂಪಿಗೆ ಹೋಯಿತು.

ತಪ್ಪು ಬದುವಿನದಲ್ಲ, ನನ್ನದು. ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡದೆ ಓರೆಯಾಗಿದ್ದರೆ, ಡ್ರೋನು ಹೋಗುತ್ತ ಹೋಗುತ್ತ ಅಷ್ಟಷ್ಟೇ ತಿರುಗಿದರೆ, ನೆಟ್ಟಗಿದ್ದ ಗೆರೆಯೂ ಸೊಟ್ಟ ಕಾಣುತ್ತದೆ. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ತನಗೆ ಅನುಕೂಲವಾದ ವಿಡಿಯೋ ಖರೆ, ಇನ್ನೊಂದರಲ್ಲಿ ನನ್ನ ಕೈ ನಡುಗಿದೆ ಎಂದು ಇಬ್ಬರೂ ಒಪ್ಪಿಕೊಂಡರು. ಎಷ್ಟೋ ವರ್ಷಗಳಲ್ಲಿ ಅವರಿಬ್ಬರು ಒಂದೇ ಮಾತು ಆಡಿದ್ದು ಅದೊಂದೇ ಸಲ.

ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವ್ವ ನಗಲಿಲ್ಲ. ಎಳ್ಳ ಅಮವಾಸ್ಯೆ ಆದ ಮರುದಿನವೇ ಮೋಜಣಿಗೆ ಅರ್ಜಿ ಹಾಕುತ್ತೇನೆ, ಸರ್ಕಾರದವರು ಬಂದು ಅಳೆದು ಕಲ್ಲು ನೆಡಲಿ ಎಂದು ಸಣ್ಣ ಮಾವ ಹೇಳಿ ಕಳಿಸಿದ್ದ. ಹೊಲಕ್ಕೆ ಅಳತೆಯ ಸರಪಳಿ ಬಿದ್ದರೆ ಅವನ ಮಕ್ಕಳ ಮದುವೆಗೂ ನನ್ನ ಮನೆಯವರು ಹೋಗುವುದಿಲ್ಲ, ನನ್ನ ಹೆಣಕ್ಕೂ ಅವನು ಬರುವುದು ಬೇಡ ಎಂದು ದೊಡ್ಡ ಮಾವ ಹೇಳಿ ಕಳಿಸಿದ್ದ. ಎರಡನ್ನೂ ಹೊತ್ತವಳು ಅವ್ವ. ಇಷ್ಟು ವರ್ಷ ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ಎಡೆಯಾಗಿ ಅಡಿಗೆಯ ಚರಗ ಚೆಲ್ಲಿ ಉಣ್ಣುವಾಗ, ಅವಳು ದೊಡ್ಡ ಮಾವನ ಕಡೆ ಅರ್ಧ ಹೊಟ್ಟೆ ಉಂಡು, ಬದು ದಾಟಿ ಹೋಗಿ ಸಣ್ಣ ಮಾವನ ಕಡೆ ಅರ್ಧ ಹೊಟ್ಟೆ ಉಣ್ಣುತ್ತಿದ್ದಳು. ಮಾತಿಲ್ಲದಿದ್ದರೂ ಎರಡೂ ಕಡೆ ಅವಳಿಗೊಂದು ಎಲೆಯಾದರೂ ಬೀಳುತ್ತಿತ್ತು. ಈಗ ಅದೂ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

ಅವಳು ನನ್ನ ಮುಂದೆ ಕೂತು, "ಮ್ಯಾಲಿಂದ ನೋಡಿ ನೀ ಹಚ್ಚಿದ ಬೆಂಕಿ ಐತಿದು. ನೀನ ಆರಸಬೇಕ ನೋಡು" ಎಂದಳು. ಎದೆಗೆ ನಾಟಿತು. ಸಿಟ್ಟೂ ಬಂತು. ಬೆಂಕಿ ಹತ್ತಿದ್ದು ಯಾವ ಕಾಲಕ್ಕೋ, ನಾನು ಹೊಗೆ ತೋರಿಸಿದೆ ಅಷ್ಟೆ ಎಂದು ವಾದ ಮಾಡಿದೆ. ಅವಳು ಎದ್ದು ಒಳಗೆ ಹೋದಳು.

ಸಿಟ್ಟಿನ ಭರದಲ್ಲಿ ಗ್ರೂಪಿನಲ್ಲಿ ಬರೆದುಬಿಟ್ಟೆ. ಎಳ್ಳ ಅಮವಾಸ್ಯೆಯ ದಿನ ಇಬ್ಬರೂ ಮಾವಂದಿರ ಕಣ್ಣ ಮುಂದೆ, ಬದುವಿನ ಮೇಲೆ ಡ್ರೋನು ನೆಟ್ಟಗೆ ನಿಲ್ಲಿಸಿ, ಒಂದು ಇಂಚು ಆಚೀಚೆ ಆಗದ ಹಾಗೆ ವಿಡಿಯೋ ತೆಗೆಯುತ್ತೇನೆ, ಅದನ್ನು ನೋಡಿ ಮಾತಾಡೋಣ ಎಂದು. ಬೀಗರೆಲ್ಲ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದರು. ಇಬ್ಬರು ಮಾವಂದಿರೂ ಕಳಿಸಿದರು. ಯಜಮಾನರು ಮಾತ್ರ ಮೊಬೈಲು ಕೆಳಗಿಟ್ಟು, ನಿನಗೆ ನೆಟ್ಟಗೆ ಹಾರಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತಿರಲಿಲ್ಲ.

ಅಮವಾಸ್ಯೆಗೆ ಇನ್ನೂ ಕೆಲವು ವಾರಗಳಿದ್ದವು. ಹಲ್ಲು ಕಚ್ಚಿಕೊಂಡು ಕಲಿತೆ. ಯಜಮಾನರದು ಬೆಟಗೇರಿಯ ನೇಕಾರರ ಮನೆತನ. ಅವರ ದೊಡ್ಡಪ್ಪನ ಓಣಿಯಲ್ಲಿ ಈಗಲೂ ಒಂದೆರಡು ಮನೆಯವರು ಬೆಳಗಿನ ಹೊತ್ತು ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ಅದಕ್ಕಿಂತ ನೆಟ್ಟಗಿನ ವಸ್ತು ಗದಗ ಬೆಟಗೇರಿ ಎರಡರಲ್ಲೂ ಇಲ್ಲ, ಅದರ ಮೇಲೆ ಹಾರಿಸು, ನೂಲು ಸೊಟ್ಟ ಕಂಡರೆ ತಪ್ಪು ನಿನ್ನದೇ ಎಂದು ತಿಳಿದುಕೋ ಎಂದರು ಯಜಮಾನರು. ಒಳ್ಳೆಯ ಉಪಾಯ. ಮೊದಲ ದಿನ ತಗ್ಗಿನಲ್ಲಿ ಹಾರಿಸಿ, ರೆಕ್ಕೆಯ ಗಾಳಿಗೆ ನೂಲು ಹೊಯ್ದಾಡಿ, ಆ ಮನೆಯ ಅಜ್ಜಿಯಿಂದ ಉಗುಳಿಸಿಕೊಂಡೆ. ಆಮೇಲೆ ಗಾಳಿ ತಾಕದಷ್ಟು ಎತ್ತರಕ್ಕೆ ಒಯ್ದೆ. ಕ್ಯಾಮೆರಾ ಪೂರ್ತಿ ಕೆಳಗೆ ತಿರುಗಿಸಿ, ನೂಲಿನ ಪಟ್ಟಿಯನ್ನು ಪರದೆಯ ನಡುಗೆರೆಗೆ ಕೂಡಿಸಿ, ಒಂದೇ ಕಡ್ಡಿಯನ್ನು ಕೂದಲೆಳೆಯಷ್ಟು ಮುಂದಕ್ಕೆ ಒತ್ತಿ ಹೋಗುವುದು. ಕೆಂಪು, ಹಸಿರು, ಹಳದಿ ಎಳೆಗಳು ಪರದೆಯ ಮೇಲೆ ಮೆಲ್ಲಗೆ ಹರಿಯುತ್ತಿದ್ದವು. ಏನು ಚೆಂದ ಅಂತೀರಿ. ನೋಡನೋಡುತ್ತ ಖುಷಿಗೆ ಬೆರಳು ಒಂದಿಷ್ಟು ಕುಣಿದುಬಿಡುತ್ತಿತ್ತು, ನೂಲು ಸೊಟ್ಟಗಾಗುತ್ತಿತ್ತು. ಮತ್ತೆ ಮೊದಲಿನಿಂದ.

ಎಳ್ಳ ಅಮವಾಸ್ಯೆಯ ಬೆಳಿಗ್ಗೆ ಸೊರಟೂರಿನ ಹಾದಿಯ ತುಂಬ ಚಕ್ಕಡಿ, ಟ್ರ್ಯಾಕ್ಟರು. ಹೊಸ ಸೀರೆಗಳು, ಬುತ್ತಿಯ ಗಂಟುಗಳು, ಎತ್ತಿನ ಗೆಜ್ಜೆ. ನನಗೆ ಹೆದರಿಕೆ, ಹಿಡಿಸಲಾರದಷ್ಟು ಹುರುಪು, ಎರಡೂ ಒಟ್ಟಿಗೆ. ಬನ್ನಿ ಮರದ ಬುಡದಲ್ಲಿ ದೊಡ್ಡ ಮಾವನ ಕಡೆಯವರು ಪಾಂಡವರೆಂದು ಐದು ಕಲ್ಲು ತೊಳೆದಿಟ್ಟು ಪೂಜೆ ಮಾಡಿದರು. ಬದುವಿನ ಆಚೆ, ಬೇರೆ ಮರದ ಬುಡದಲ್ಲಿ, ಸಣ್ಣ ಮಾವನ ಕಡೆಯವರು ಬೇರೆ ಐದು ಕಲ್ಲು ಇಟ್ಟರು. ಅವ್ವ ಎರಡೂ ಕಡೆ ಕುಂಕುಮ ಹಚ್ಚಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿ ಮುಂದಿಟ್ಟುಕೊಂಡು ಒಂದು ಮೂಲೆಯಲ್ಲಿ ಕೂತಳು. ನನ್ನ ಜೊತೆ ಮಾತಾಡಲಿಲ್ಲ.

ಚರಗ ಚೆಲ್ಲಿ, ಉಂಡು, ಆಮೇಲೆ ವಿಡಿಯೋ ಎಂದು ಮೊದಲು ಮಾತಾಗಿತ್ತು. ಆದರೆ ಹೊತ್ತೇರಿದರೆ ಗಾಳಿ ಏಳುತ್ತದೆ, ಈಗಲೇ ತೆಗೆಯಬೇಕು ಎಂದೆ. ಇಬ್ಬರು ಮಾವಂದಿರೂ ಅದಕ್ಕೆ ತಯಾರು. ಹೇಗೂ ಹೊಲದ ಸುತ್ತ ಚರಗ ಚೆಲ್ಲಬೇಕು, ಬದುವಿನಿಂದಲೇ ಶುರು ಮಾಡುತ್ತೇನೆ, ನನ್ನ ಹೊಲ ಎಲ್ಲಿಯವರೆಗೆ ಇದೆ ಎಂದು ನಾನು ನಡೆದಲ್ಲಿ ಕಾಣಲಿ ಎಂದ ದೊಡ್ಡ ಮಾವ. ಸಣ್ಣ ಮಾವನೂ ಅದನ್ನೇ ಹೇಳಿ ಕಳಿಸಿದ. ಹಾಗೆ ಇಬ್ಬರೂ ಬದುವಿನ ಎರಡು ಮಗ್ಗುಲಿಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಮುಖ ಮಾತ್ರ ಆಚೆ ಈಚೆ ತಿರುಗಿಸಿಕೊಂಡು ಬುಟ್ಟಿ ಹಿಡಿದು ನಿಂತರು.

ಚರಗ ಚೆಲ್ಲಲು ಇಬ್ಬರು ಬೇಕು. ಮುಂದಿನವನು ಅಡಿಗೆಯ ಒಂದೊಂದು ಚೂರನ್ನು ಬೆಳೆಗೆ ಎರಚಿ, 'ಹುಲ್ಲುಲ್ಲಿಗೋ' ಎಂದು ಕೂಗುತ್ತಾನೆ. ಹಿಂದಿನವನು ತಂಬಿಗೆಯ ನೀರು ಚಿಮುಕಿಸಿ, 'ಚಲ್ಲಂಬರಿಗೋ' ಎಂದು ಓಗೊಡಬೇಕು. ಓಗೊಡದೆ ಮುಂದಿನ ಹೆಜ್ಜೆ ಇಡುವಂತಿಲ್ಲ, ಕೂಗು ಹೊಲದಲ್ಲಿ ಒಂಟಿಯಾಗಿ ಬೀಳಬಾರದು ಎನ್ನುತ್ತಾರೆ. ದೊಡ್ಡ ಮಾವನ ಹಿಂದೆ ಅವನ ಮಗ ತಂಬಿಗೆ ಹಿಡಿದ. ಸಣ್ಣ ಮಾವನ ಮಗ ಆ ದಿನ ಜ್ವರ ಬಂದು ಲಕ್ಷ್ಮೇಶ್ವರದಲ್ಲೇ ಉಳಿದಿದ್ದ. ಹಾಗಾಗಿ ತಂಬಿಗೆ ನನ್ನ ಯಜಮಾನರ ಕೈಗೆ ಬಂತು. ಅವರ ಮನೆತನಕ್ಕೆ ಮಗ್ಗ ಗೊತ್ತು, ಹೊಲ ಗೊತ್ತಿಲ್ಲ. ಹಾದಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು, ಪಾಪ.

ಡ್ರೋನು ಎಬ್ಬಿಸಿದೆ. ಬದುವಿನ ಮೇಲೆ ಒಯ್ದು, ಕ್ಯಾಮೆರಾ ಪೂರ್ತಿ ಕೆಳಗೆ ಮಾಡಿದೆ. ಪರದೆಯಲ್ಲಿ ಬದು ಬಂತು, ಎರಡೂ ಕಡೆ ಬುಟ್ಟಿ ಹಿಡಿದ ಒಂದೊಂದು ರುಮಾಲು ಬಂತು. ಹೂಂ ಎಂದೆ. ಇಬ್ಬರೂ ಒಟ್ಟಿಗೇ ನಡೆಯತೊಡಗಿದರು, ನಾನು ಮೆಲ್ಲಗೆ ಹಿಂಬಾಲಿಸಿದೆ. ಹುಲ್ಲುಲ್ಲಿಗೋ ಎಂದು ಈಚೆ, ಹುಲ್ಲುಲ್ಲಿಗೋ ಎಂದು ಆಚೆ, ಒಬ್ಬನಿಗಿಂತ ಒಬ್ಬ ಜೋರಾಗಿ. ಈಚೆ ಮಗ ಓಗೊಟ್ಟ, ಆಚೆ ಯಜಮಾನರು ಓಗೊಟ್ಟರು. ಇಬ್ಬರ ದನಿಯೂ ಏರಿ ಏರಿ, ಮುಳಗುಂದದವರೆಗೆ ಕೇಳಬೇಕು, ಅಷ್ಟು ಜೋರಾಯಿತು. ನನಗೆ ನಗು ತಡೆಯುತ್ತಿಲ್ಲ. ನಗು ತಡೆಯದಿದ್ದರೆ ಬೆರಳು ತಡೆಯುವುದಿಲ್ಲ. ಬದು ನಡುಗೆರೆಯಿಂದ ಒಂದಿಷ್ಟು ಜಾರಿತು, ಸರಿ ಮಾಡಹೋಗಿ ಜಾಸ್ತಿ ತಿರುಗಿಸಿದೆ, ಡ್ರೋನು ಗಿರಕ್ಕನೆ ಪಕ್ಕಕ್ಕೆ ಹೋಯಿತು.

ಯಜಮಾನರು ಮೇಲೆ ನೋಡಿದರು. ಮುಂಡರಗಿಯ ಹೊಳೆಯಲ್ಲಿ ನೋಡಿದ ಹಾಗೆಯೇ, ಬಾಯಿ ತೆರೆದುಕೊಂಡು, ಖಾಲಿ ಕೈಯನ್ನು ಮೇಲಕ್ಕೆ ಚಾಚಿ. ಅಷ್ಟರಲ್ಲಿ ಸಣ್ಣ ಮಾವ ಹುಲ್ಲುಲ್ಲಿಗೋ ಎಂದು ಕೂಗಿದ್ದ. ಓಗೊಡುವವರು ಇಲ್ಲ.

ಅವನು ನಿಂತ. ಹಿಂತಿರುಗಿ ನೋಡುವಂತಿಲ್ಲ, ಹೆಜ್ಜೆ ಮುಂದೆ ಇಡುವಂತಿಲ್ಲ. ಇನ್ನೊಮ್ಮೆ ಕೂಗಿದ. ಈ ಸಲ ದನಿಯಲ್ಲಿ ಜೋರಿರಲಿಲ್ಲ, ಹೆದರಿಕೆ ಇತ್ತು. ನಾನು ಡ್ರೋನನ್ನು ಹೇಗೋ ಮತ್ತೆ ಬದುವಿನ ಮೇಲಕ್ಕೆ ತಂದೆ, ಯಜಮಾನರ ಕಣ್ಣು ಇನ್ನೂ ಅದರ ಮೇಲೇ ಇತ್ತು. ಅವ್ವ ಬುಟ್ಟಿ ಬಿಟ್ಟು ಎದ್ದು ನಿಂತಳು.

ಆಗ ಬದುವಿನ ಈಚೆಯಿಂದ ದನಿ ಬಂತು. ದೊಡ್ಡ ಮಾವನದು. ಮುಖ ಆಚೆ ತಿರುಗಿಸಿಕೊಂಡೇ, ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, "ಚಲ್ಲಂಬರಿಗೋ" ಎಂದ.

ನನ್ನ ಎರಡೂ ಹೆಬ್ಬೆರಳು ಕಡ್ಡಿಗಳ ಮೇಲಿಂದ ತಾವಾಗಿಯೇ ಎದ್ದವು. ಕೈಯಲ್ಲಿ ರಿಮೋಟು ಇದೆ ಎಂಬುದೇ ಮರೆಯಿತು. ಡ್ರೋನು ಇದ್ದಲ್ಲೇ ನಿಂತುಕೊಂಡಿತು. ಕೆಳಗೆ ಸಣ್ಣ ಮಾವ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, ಚೂರು ಎರಚಿ, ಮೆಲ್ಲಗೆ ಕೂಗಿದ. ಈಚೆಯಿಂದ ಮತ್ತೆ ಓಗೊಟ್ಟ ದೊಡ್ಡ ಮಾವ. ನಂತರ ದೊಡ್ಡ ಮಾವ ಕೂಗಿದ. ಅವನ ಮಗ ಬಾಯಿ ತೆರೆಯುವುದರೊಳಗೆ ಆಚೆಯಿಂದ ಸಣ್ಣ ಮಾವ ಓಗೊಟ್ಟ. ಹಾಗೆಯೇ ಒಬ್ಬ ಕೂಗುತ್ತ, ಒಬ್ಬ ಓಗೊಡುತ್ತ, ಬದುವಿನ ಕೊನೆಯವರೆಗೆ ನಡೆದರು. ತಂಬಿಗೆ ಹಿಡಿದವರಿಬ್ಬರು ಕೆಲಸವಿಲ್ಲದೆ ಸುಮ್ಮನೆ ನೀರು ಚಿಮುಕಿಸುತ್ತ ಹಿಂದೆ ಹೋದರು. ನಾನು ಅಳುತ್ತಿದ್ದೆ, ಜೊತೆಗೆ ನಗುತ್ತಲೂ ಇದ್ದೆ. ಯಾರಾದರೂ ನೋಡಿದ್ದರೆ ಹುಚ್ಚಿ ಎನ್ನುತ್ತಿದ್ದರು.

ಉಣ್ಣುವ ಹೊತ್ತಿಗೆ ಅವ್ವ ಯಾರನ್ನೂ ಕೇಳಲಿಲ್ಲ. ರೊಟ್ಟಿಯ ಬುಟ್ಟಿ, ಎಣ್ಣೆಗಾಯಿಯ ಪಾತ್ರೆ, ಅಗಸಿ ಹಿಂಡಿ, ಮೊಸರಿನ ಗಡಿಗೆ, ಎಲ್ಲವನ್ನೂ ಬದುವಿನ ಮೇಲೆ ಸಾಲಾಗಿ ಇಟ್ಟಳು. ಬೇಕಾದವರು ಬಂದು ಕೂತುಕೊಳ್ಳಲಿ ಎಂದಳು. ಈಚೆಯವರು ಈಚೆ, ಆಚೆಯವರು ಆಚೆ ಕೂತರು. ಒಂದೇ ಪಾತ್ರೆಗೆ ಎರಡೂ ಕಡೆಯಿಂದ ಕೈ ಬಂತು. ಮಾವಂದಿರು ಮಾತ್ರ ಒಬ್ಬರನ್ನೊಬ್ಬರು ನೋಡಲಿಲ್ಲ, ಮಾತಾಡಲಿಲ್ಲ. ಅಣ್ಣನಿಗೆ ಇನ್ನೊಂದು ಹೋಳಿಗೆ ಹಾಕು ಎಂದು ಸಣ್ಣ ಮಾವ ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು, ಅಷ್ಟೆ. ಅರ್ಜಿಯ ಮಾತು ಇನ್ನೂ ಹಾಗೇ ನಿಂತಿತ್ತು.

ಕೈ ತೊಳೆದ ಮೇಲೆ ವಿಡಿಯೋ ತೋರಿಸು ಎಂದರು. ನನ್ನ ಟ್ಯಾಬನ್ನು ಬದುವಿನ ಮೇಲೆ ಒಂದು ಕಲ್ಲಿಗೆ ಆನಿಸಿ ಇಟ್ಟೆ. ಇಬ್ಬರೂ ಎರಡು ಕಡೆಯಿಂದ ಬಗ್ಗಿದರು. ಮೊದಲಿನ ಭಾಗ ಎಂದಿನಂತೆ ನನ್ನ ಕೈಚಳಕ, ನೋಡುವಂತಿರಲಿಲ್ಲ. ಆಮೇಲೆ ಒಮ್ಮೆಲೇ ಚಿತ್ರ ನಿಂತಿತು. ಅಲುಗಾಟವಿಲ್ಲ, ತಿರುಗುವುದಿಲ್ಲ, ಮೇಲೆ ಕೆಳಗೆ ಇಲ್ಲ. ಕರಿ ಮಣ್ಣು, ಜೋಳದ ಸಾಲು, ನಡುವೆ ಬದು, ಇದ್ದದ್ದು ಇದ್ದ ಹಾಗೆ. ನಾನು ತೆಗೆದ ಎಲ್ಲದರಲ್ಲಿ ಅಷ್ಟು ಚೆಂದದ ಚಿತ್ರ ಇನ್ನೊಂದಿಲ್ಲ. ತೆಗೆದದ್ದು ನಾನು ಎನ್ನಲು ಮಾತ್ರ ನಾಚಿಕೆ, ಯಾಕೆಂದರೆ ಆಗ ನನ್ನ ಕೈ ಅದರ ಮೇಲಿರಲೇ ಇಲ್ಲ.

ಬದು ಸೊಟ್ಟಗೇ ಇತ್ತು. ಒಂದು ಕಡೆ ದೊಡ್ಡ ಮಾವನ ಹೊಲದೊಳಗೆ ಬಂದಿತ್ತು, ಮುಂದೆ ಹೋಗಿ ಸಣ್ಣ ಮಾವನ ಹೊಲದೊಳಗೆ ಹೊಕ್ಕಿತ್ತು, ಕೈಯಿಂದ ಮಣ್ಣು ಏರಿಸಿದ ಯಾವ ಬದುವಾದರೂ ಇರುವ ಹಾಗೆ. ಇಬ್ಬರಿಗೂ ಅದು ಕಂಡಿರಬೇಕು. ಯಾರೂ ಅದರ ಮಾತು ಎತ್ತಲಿಲ್ಲ. ಅವರು ನೋಡುತ್ತಿದ್ದುದು ಬದುವಿನ ಎರಡು ಕಡೆ ನಿಂತ ಎರಡು ರುಮಾಲುಗಳನ್ನು. ಎರಡೂ ನಿಂತಿದ್ದವು, ಬಹಳ ಹೊತ್ತು ನಿಂತಿದ್ದವು. ಆಮೇಲೆ ಎರಡೂ ಒಟ್ಟಿಗೆ ನಡೆಯತೊಡಗಿದವು.

ದೊಡ್ಡ ಮಾವ ಟ್ಯಾಬಿಗೆ ಕಿವಿ ಹಚ್ಚಿದ. ದನಿ ಏರಿಸಲು ನನಗೆ ಕೈ ಸನ್ನೆ ಮಾಡಿದ. ಡ್ರೋನು ಚಿತ್ರ ಅಷ್ಟೇ ತೆಗೆಯುತ್ತದೆ ಮಾವ, ದನಿ ಹಿಡಿಯುವುದಿಲ್ಲ ಎಂದೆ. ಅವನಿಗೆ ಬಹಳ ನಿರಾಸೆಯಾಯಿತು. ಮುಖ ಸಣ್ಣದು ಮಾಡಿಕೊಂಡು ಅವ್ವನ ಕಡೆ ತಿರುಗಿದ.

"ಹಂಗಾರ ನಾ ಓಗೊಟ್ಟಿದ್ದು ಇದರಾಗ ಯಾರಿಗೂ ತಿಳಿಯೂದಿಲ್ಲೇನ" ಎಂದ.

ಅವ್ವ ಏನೋ ಹೇಳಹೋದಳು. ಅಷ್ಟರಲ್ಲಿ ಸಣ್ಣ ಮಾವ ಟ್ಯಾಬಿನಿಂದ ಕಣ್ಣು ಎತ್ತಿದ. ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಬದುವಿನ ಈ ಕಡೆ ಕೂತವನ ಮುಖ ನೋಡಿದ.

"ನಾ ಕೇಳೇನಿ ಬಿಡು, ಯಣ್ಣಾ" ಎಂದ.